ಉಸಿರುಗಟ್ಟಿದ ತೋಳು

ದರ್ಜಿಯ ಹೆಂಡತಿ ಮುಖ ತೊಳೆದುಕೊಂಡು ಒಳಬರುವಷ್ಟರಲ್ಲಿ ಗಂಡನ ಬಲಗೈ ನೇರಳೆ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯ ಮಂಚದ ಮೇಲೆ ಆತ ಹಲ್ಲು ಕಚ್ಚಿ ಮಲಗಿದ್ದ. ತೋಳಿಗೆ ರಕ್ತದೊತ್ತಡ ನೋಡುವ ಪಟ್ಟಿ ಬಿಗಿದಿತ್ತು. ನರ್ಸಮ್ಮ ಪಕ್ಕದಲ್ಲೇ ನಿಂತು ಸುಮ್ಮನೆ ನೋಡುತ್ತಿದ್ದಳು. ಇನ್ನೇನು ಅವನನ್ನು ಹೃದಯದ ಆಪರೇಷನ್ನಿಗೆ ಒಯ್ಯಬೇಕಿತ್ತು.

ಕತ್ತರಿ ಹಿಡಿದು ಸಂಸಾರ ಸಾಕಿದ ಕೈ ಅದು. ಅವಳು ಹಿಂದೆಮುಂದೆ ನೋಡದೆ ನುಗ್ಗಿ ಪಟ್ಟಿಯನ್ನು ಪರ್ರನೆ ಕಿತ್ತಳು.

"ಕೈ ಸಾಯ್ತಿದೆ, ಕಣ್ಣು ಕಾಣಲ್ವಾ ನಿಮಗೆ?"

ಗಲಾಟೆಗೆ ಡಾಕ್ಟರು ಓಡಿಬಂದರು. ಬೈಯಲಿಲ್ಲ.

"ಬೇಕಂತಲೇ ಕಟ್ಟಿದ್ದು ಅಮ್ಮಾ. ಒಳಗೆ ಹೃದಯಾನ ಸ್ವಲ್ಪ ಹೊತ್ತು ನಿಲ್ಲಿಸ್ತೀವಿ, ಆಗ ಅದಕ್ಕೆ ರಕ್ತ ಸಿಗಲ್ಲ. ಮೊದಲೇ ಸಣ್ಣ ಕಷ್ಟ ಕಂಡ ಜೀವಕೋಶ ದೊಡ್ಡದನ್ನ ತಡ್ಕೊಳ್ಳೋಕೆ ಸಜ್ಜಾಗುತ್ತೆ. ತೋಳನ್ನ ಕಟ್ಟಿ ಬಿಟ್ಟು, ಕಟ್ಟಿ ಬಿಟ್ಟು ಮಾಡಿದ್ರೆ ಆ ಸುದ್ದಿ ರಕ್ತದ ಜೊತೆ ಹೃದಯಕ್ಕೂ ಮುಟ್ಟುತ್ತೆ."

"ನೋಯಿಸಿ ಕಾಪಾಡ್ತೀರಾ?" ಅವಳಿಗೆ ನಂಬಿಕೆಯೇ ಹುಟ್ಟಲಿಲ್ಲ.

ಗಂಡ ನಕ್ಕ. "ಇಷ್ಟು ವರ್ಷ ನೀನು ದಿನಾ ಚೂರು ಚೂರು ಕಾಟ ಕೊಟ್ಟಿದ್ದಕ್ಕೇ ಕಣೇ ನಾನು ಗಟ್ಟಿಯಾಗಿರೋದು. ಕಟ್ಟಲಿ ಬಿಡು."

ಅವಳಿಗೆ ನಗು ಬರಲಿಲ್ಲ. "ಬೇಡ" ಎಂದಳು. ಅವನು ಪಟ್ಟು ಬಿಡಲಿಲ್ಲ. ಕೊನೆಗೆ ನರ್ಸಮ್ಮ ಮತ್ತೆ ಪಟ್ಟಿ ಸುತ್ತಿದಾಗ ಅವನ ಬೆರಳು ಹಿಡಿದು ಕೂತಳು. ಬೆರಳು ತಣ್ಣಗಾಗುತ್ತಾ ಬಂತು, ಪಟ್ಟಿಯ ಗಾಳಿ ಬಿಟ್ಟೊಡನೆ ಬಿಸಿ ಹರಿಯಿತು, ಮತ್ತೆ ತಣ್ಣಗಾಯಿತು.

ಮಧ್ಯಾಹ್ನ ಕಳೆದು ಡಾಕ್ಟರು ಆಪರೇಷನ್ ಕೋಣೆಯಿಂದ ಹೊರಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು.

"ರಕ್ತನಾಳ ಹರಿದುಹೋಯ್ತು. ಅಂದ್ಕೊಂಡದ್ದಕ್ಕಿಂತ ದುಪ್ಪಟ್ಟು ಹೊತ್ತು ಹೃದಯ ನಿಲ್ಲಿಸಬೇಕಾಯ್ತು."

ಅವಳು ನಿಂತಲ್ಲೇ ಕುಸಿದಳು.

"ಇದಾರೆ ಅಮ್ಮಾ, ಇದಾರೆ! ಮತ್ತೆ ರಕ್ತ ಹರಿಸಿದ ಕೂಡಲೇ ಹೃದಯ ತಾನಾಗೇ ಬಡ್ಕೊಳ್ತು. ನಾವೇ ದಂಗಾಗಿ ನಿಂತ್ವಿ."

"ಆ ಪಟ್ಟಿಯಿಂದಲಾ?"

"ಅದರಿಂದಲೇ ಅಂತ ಆಣೆ ಮಾಡಿ ಹೇಳಲಾರೆ, ಎಲ್ಲರಿಗೂ ಫಲ ಕೊಡಲ್ಲ ಅದು. ಆದ್ರೆ ಇವರ ಹೃದಯ ಇಷ್ಟು ತಡ್ಕೊಳ್ಳುತ್ತೆ ಅಂತ ನಾನಂತೂ ಅಂದ್ಕೊಂಡಿರಲಿಲ್ಲ."

ಅವಳು ಅಳಲೂ ಇಲ್ಲ, ಕೈ ಮುಗಿಯಲೂ ಇಲ್ಲ. ಗಂಡ ಹಟ ಹಿಡಿಯದಿದ್ದರೆ ಪಟ್ಟಿ ಕಟ್ಟಲು ತಾನು ಬಿಡುತ್ತಲೇ ಇರಲಿಲ್ಲ ಎಂಬುದು ಆಗ ಹೊಳೆಯಿತು. ಪಟ್ಟಿ ಕಿತ್ತ ತನ್ನ ಕೈಯನ್ನೇ ನೋಡುತ್ತಾ ನೆಲದ ಮೇಲೇ ಕೂತಿದ್ದಳು. ನರ್ಸಮ್ಮ ತಾನೂ ನೆಲಕ್ಕೇ ಕೂತು, ಬೆನ್ನು ಸವರುತ್ತಾ, "ಒಂದು ಗುಟುಕು ನೀರಾದ್ರೂ ಕುಡೀರಿ" ಎಂದಳು.