ಒಂದನೇ ಡಬ್ಬಿ

ಅಕ್ಕ ಜ್ವರದಲ್ಲಿ ತೀರಿಕೊಂಡಾಗ ನಾನು ಅಳಲಿಲ್ಲ. ಕಲ್ಲುಹೃದಯದವಳು ಅಂತ ಚಿಕ್ಕಮ್ಮ ಎಲ್ಲರೆದುರೇ ಅಂದಳು. ಅನ್ನಲಿ, ಅವಳ ಬಾಯಿಗೆ ಬೀಗ ಹಾಕುವವರು ಯಾರು? ನಾನು ಕೆಲಸಕ್ಕಿದ್ದ ಹೋಟೆಲಿನ ಇಸ್ತ್ರಿ ಕೋಣೆಗೆ ಹೋಗಿ ಹೊದಿಕೆಗಳ ಸುಕ್ಕು ತೆಗೆಯುತ್ತ ನಿಂತೆ.

ಅಕ್ಕ ಅದೇ ಹೋಟೆಲಿನ ಸ್ವಾಗತದ ಮೇಜಿನಲ್ಲಿ ಕೂರುತ್ತಿದ್ದಳು. ಜಪಾನಿ ಅತಿಥಿಗಳು ಹೆಚ್ಚಾದಾಗ ಇಬ್ಬರೂ ಸಂಜೆ ತರಗತಿಗೆ ಸೇರಿದೆವು. ಕಾಂಜಿ ಅನ್ನುವ ಆ ಚಿತ್ರದಂಥ ಅಕ್ಷರಗಳು ನನ್ನ ತಲೆಗೆ ಹತ್ತುತ್ತಿರಲಿಲ್ಲ. ಅಕ್ಕ ಒಂದೊಂದನ್ನೂ ಒಡೆದು, ತುಂಡುಗಳಿಗೆ ಕತೆ ಕಟ್ಟಿ, ಚೀಟಿಯ ಮುಂದೆ ಅಕ್ಷರ, ಹಿಂದೆ ಕತೆ ಬರೆದುಕೊಟ್ಟಳು. ಮನುಷ್ಯ, ಪಕ್ಕದಲ್ಲಿ ಮರ: ವಿಶ್ರಾಂತಿ. ‘ಕೆಲಸಗಳ್ಳಿ, ಇದು ನೀನೇ.’ ಹೆಂಗಸು, ಪಕ್ಕದಲ್ಲಿ ಮಾರುಕಟ್ಟೆ: ಅಕ್ಕ. ‘ಚೀಲ ಹೊರೋಳು ನಾನು, ತಿನ್ನೋಳು ನೀನು. ಓದೋದು ಅನೆ, ಆನೆ ಅಲ್ಲ. ನಗಬೇಡ.’

ಚೀಟಿಗಳಿಗೆ ಮೇಷ್ಟ್ರು ಡಬ್ಬಿಗಳ ಪದ್ಧತಿ ಹೇಳಿಕೊಟ್ಟಿದ್ದರು. ಗೊತ್ತಿದ್ದರೆ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದರೆ ವಾಪಸ್ ಒಂದನೆಯದಕ್ಕೆ. ಒಂದನೆಯದನ್ನು ದಿನಾ ತೆಗೆಯಬೇಕು, ಕೊನೆಯದನ್ನು ತಿಂಗಳಿಗೊಮ್ಮೆ.

ಅಕ್ಕ ಹೋಗುವಷ್ಟರಲ್ಲಿ ನನಗೆ ಎಲ್ಲವೂ ಬಾಯಿಪಾಠವಾಗಿತ್ತು. ಆದರೂ ಅವಳು ಹೋದಮೇಲೆ ದಿನಾ ಬೆಳಿಗ್ಗೆ ಚೀಟಿ ನೋಡಿ ‘ಗೊತ್ತಿಲ್ಲ’ ಅನ್ನುತ್ತಿದ್ದೆ, ತಿರುಗಿಸಿ ಅಕ್ಕನ ಬೈಗುಳ ಓದುತ್ತಿದ್ದೆ, ಮತ್ತೆ ಒಂದನೇ ಡಬ್ಬಿಗೇ ಹಾಕುತ್ತಿದ್ದೆ. ದುಃಖ ಅಂತೇನೂ ಆಗುತ್ತಿರಲಿಲ್ಲ. ಹಲ್ಲುಜ್ಜಿದ ಹಾಗೆ, ಅಷ್ಟೆ.

ಒಂದು ದಿನ ಮ್ಯಾನೇಜರ್ ಇಸ್ತ್ರಿ ಕೋಣೆಗೇ ಬಂದ. “ನಿಮ್ಮಕ್ಕನ ಕುರ್ಚಿ ಖಾಲಿ ಇದೆ. ಶುಕ್ರವಾರ ಮೇಷ್ಟ್ರು ಪರೀಕ್ಷೆ ಮಾಡ್ತಾರೆ. ಪಾಸಾದ್ರೆ ನಿಂಗೆ, ಇಲ್ಲಾಂದ್ರೆ ಹೊರಗಿನವರನ್ನ ತರ್ತೀನಿ.”

ಆ ಕೆಲಸ ಬೇಕೋ ಬೇಡವೋ ನನಗೇ ತಿಳಿಯಲಿಲ್ಲ. ಅಲ್ಲಿ ಬೇರೆ ಯಾರೋ ಬಂದು ಕೂರುವುದು ಮಾತ್ರ ಸುತರಾಂ ಬೇಡವಾಗಿತ್ತು.

ಶುಕ್ರವಾರ ಮೇಷ್ಟ್ರು ಡಬ್ಬಿಗಳನ್ನು ತರಿಸಿಕೊಂಡರು. “ಇದೇನಮ್ಮಾ, ಎಲ್ಲಾ ಒಂದನೇದ್ರಲ್ಲೇ ಇದೆ! ಒಂದೂ ಬರಲ್ವಾ?” ಅನ್ನುತ್ತ ಒಂದು ಚೀಟಿ ಎತ್ತಿ ಹಿಡಿದರು. ಹೆಂಗಸು, ಪಕ್ಕದಲ್ಲಿ ಮಾರುಕಟ್ಟೆ.

“ಗೊತ್ತಿಲ್ಲ.” ಮಾತು ತಾನಾಗಿಯೇ ಬಂದುಬಿಟ್ಟಿತು.

ಮ್ಯಾನೇಜರ್ ಗಡಿಯಾರ ನೋಡಿದ. ಮೇಷ್ಟ್ರು ಚೀಟಿ ತಿರುಗಿಸಿ ಓದಿಕೊಂಡರು. ಆ ಕೈಬರಹ ಅವರಿಗೂ ಗೊತ್ತು. “ಇನ್ನೊಂದ್ಸಲ ನೋಡಿ ಹೇಳು,” ಅಂದರು ಮೆಲ್ಲಗೆ.

“ಅನೆ,” ಅಂದೆ. “ಅಕ್ಕ.”

ಆಮೇಲೆ ಅವರು ಎತ್ತಿದ್ದನ್ನೆಲ್ಲ ತಡವರಿಸದೆ ಹೇಳುತ್ತ ಹೋದೆ. “ಇಷ್ಟು ಚೆನ್ನಾಗಿ ಬರೋದನ್ನ ಇಲ್ಲಿ ಯಾರಾದ್ರೂ ಇಡ್ತಾರಾ?” ಎಂದು ಮೇಷ್ಟ್ರು ಚೀಟಿಗಳನ್ನೆಲ್ಲ ತಾವೇ ಬಾಚಿ ಕೊನೆಯ ಡಬ್ಬಿಗೆ ಹಾಕಿ ಮುಚ್ಚಿದರು. ನಾನು ಬೇಡ ಅನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಅಭ್ಯಾಸಬಲದಿಂದ ಒಂದನೇ ಡಬ್ಬಿ ತೆರೆದೆ. ಖಾಲಿ. ಇನ್ನು ಅಕ್ಕ ಬೈಯುವುದು ತಿಂಗಳಿಗೊಮ್ಮೆ. ಮುಚ್ಚಳ ಹಾಕಿ ಕೆಲಸಕ್ಕೆ ಹೋದೆ. ಅಕ್ಕ ನನಗಿಂತ ಉದ್ದ. ಅವಳ ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕಲಿಲ್ಲ. ಮೊದಲ ಅತಿಥಿ ಕೀಲಿಕೈ ಕೇಳುವುದು ಬಿಟ್ಟು, ಏನಾಯಿತು ಅಂತ ಜಪಾನಿಯಲ್ಲಿ ಕೇಳಿದ. ನಾನು ಅಳುತ್ತಿದ್ದೇನೆ ಅಂತ ನನಗೆ ಗೊತ್ತಾದದ್ದು ಆಗಲೇ.