ಕರೆಂಟ್ ಇಂಜಿನ್ನಿಗೆ ಬೆನ್ನು

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಸಿದ್ಧಾರ್ಥನಗರದ ಪ್ರಸನ್ನನಿಗೆ ಬಂದಿದ್ದ ಐಶ್ವರ್ಯ ಒಂದು ವಾಟ್ಸ್ಯಾಪ್ ಗುಂಪಿನ ಅಡ್ಮಿನ್ ಪದವಿ. ಗುಂಪಿನ ಹೆಸರು ‘ಮೈಸೂರು ಡೀಸೆಲ್ ಬಳಗ’. ರೈಲಿನ ಹುಚ್ಚು ಹಿಡಿದವರ ಕೂಟ ಅದು. ಯಾವ ಗಾಡಿಗೆ ಇವತ್ತು ಯಾವ ಇಂಜಿನ್ ಕಟ್ಟಿದ್ದಾರೆ, ಅದು ಯಾವ ಶೆಡ್ಡಿನದು ಎಂದು ದಿನವಿಡೀ ಹಂಚಿಕೊಳ್ಳುವುದು, ಭಾನುವಾರ ಕ್ಯಾಮೆರಾ ಹೊತ್ತು ಹಳಿಯ ಬದಿಗೆ ಹೋಗುವುದು. ವಿಮಾ ಕಚೇರಿಯಲ್ಲಿ ಕಂಡವರಿಗೆಲ್ಲ ‘ಆಯ್ತು ಸಾರ್’ ಎನ್ನುವ ಪ್ರಸನ್ನ ಇಲ್ಲಿ ಮಾತ್ರ ದಿವಾನ.

ಅವನು ಮಾಡಿದ ಕಾನೂನುಗಳಲ್ಲಿ ಒಂದರ ಮೇಲೆ ಅವನಿಗೆ ಭಾರೀ ಹೆಮ್ಮೆ. ಹಳಿಯ ಬದಿ ನಿಂತಾಗ ಕರೆಂಟ್ ಇಂಜಿನ್ ಬಂದರೆ ಬಳಗದವರೆಲ್ಲ ಅದಕ್ಕೆ ಬೆನ್ನು ತಿರುಗಿಸಬೇಕು, ಕೊನೇ ಬೋಗಿ ದಾಟುವವರೆಗೂ ತಿರುಗಿ ನೋಡಬಾರದು. ಹೊಗೆಯಿಲ್ಲ, ಗುಡುಗಿಲ್ಲ, ಗ್ರೈಂಡರಿಗೆ ಚಕ್ರ ಹಾಕಿದರೆ ಅದೂ ಒಂದು ಇಂಜಿನ್ನೇ ಎಂದು ಅವನ ವಾದ. ಮೈಸೂರಿನ ಹಳಿಗಳ ಮೇಲೆಲ್ಲ ತಂತಿ ಎಳೆದ ಮೇಲೆ ಈ ಮಹಾನುಭಾವರು ಭಾನುವಾರದ ಮುಕ್ಕಾಲು ಪಾಲನ್ನು ಬೇಲಿ ನೋಡುತ್ತ ಕಳೆಯುತ್ತಿದ್ದರು. ಇದು ನಗೆಪಾಟಲು ಎಂದು ಮೂಗಯ್ಯನೊಬ್ಬನನ್ನು ಬಿಟ್ಟು ಯಾರಿಗೂ ಅನಿಸಲಿಲ್ಲ.

ಮೂಗಯ್ಯ ಬೋಗಾದಿಯವನು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಗೂಡ್ಸ್ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆಂದು ಯಾವ ಬೋರ್ಡಿನಲ್ಲೂ ಬರೆದಿರುವುದಿಲ್ಲ. ಗೇಟಿನವರು, ಯಾರ್ಡಿನವರು, ಡ್ರೈವರುಗಳು ಎಲ್ಲರ ಸ್ನೇಹ ಇಟ್ಟುಕೊಂಡು ಸುದ್ದಿ ತರುತ್ತಿದ್ದವನು ಅವನೇ. ಬಳಗದ ಅರ್ಧ ಜ್ಞಾನ ಅವನದು, ಹೆಸರು ಮಾತ್ರ ಪೂರ್ತಿ ಪ್ರಸನ್ನನದು. ಹೋದ ತಿಂಗಳು ಅವನು ಹೊಸ ಕರೆಂಟ್ ಇಂಜಿನ್ನೊಂದರ ಫೋಟೋ ಹಾಕಿ ‘ಚೆಂದಾಗದೆ’ ಎಂದು ಬರೆದ. ಪ್ರಸನ್ನ ತಕ್ಷಣವೇ ಅವನನ್ನು ಗುಂಪಿನಿಂದ ಕಿತ್ತುಹಾಕಿದ.

ಅಷ್ಟರಲ್ಲಿ ಯಾರ್ಡಿನಲ್ಲಿ ಉಳಿದಿದ್ದ ಹಳೇ ಡೀಸೆಲ್ ಇಂಜಿನ್ನನ್ನು ಗುಜರಿಗೆ ಕಳಿಸುವ ದಿನ ಗೊತ್ತಾಯಿತು. ಅದನ್ನು ವರ್ಷಗಟ್ಟಲೆ ಓಡಿಸಿದ್ದ ಡ್ರೈವರ್ ದೇವಯ್ಯನವರೂ ಅದೇ ತಿಂಗಳು ನಿವೃತ್ತರಾಗುವವರಿದ್ದರು. ಪ್ರಸನ್ನ ಹೈಸ್ಕೂಲಿನಲ್ಲಿದ್ದಾಗ ಅವನನ್ನು ಇಂಜಿನ್ನಿಗೆ ಹತ್ತಿಸಿಕೊಂಡು ಹಾರ್ನ್ ಒತ್ತಲು ಬಿಟ್ಟವರು ಅವರು. ಅವನ ಹುಚ್ಚಿನ ಮೂಲವೇ ಅವರು. ಇಷ್ಟು ವರ್ಷ ಅವನಿಂದ ಏನೂ ಕೇಳದವರು ಈಗ ಮೊದಲ ಸಲ ಕೇಳಿದರು.

“ನಾನೂ ಅದ್ರಲ್ಲೇ ಹೋಯ್ತಾ ಇವ್ನಿ ಕಣಪ್ಪ. ಗಾಡಿ ಜೊತೆ ನಂದೊಂದು ಫೋಟೋನೂ ಇಲ್ಲ. ಒಂದ್ ತೆಗ್ದುಕೊಟ್ಬುಡು, ಗೋಡೆಗೆ ಹಾಕ್ಕೊಳ್ತೀನಿ.”

“ಹೆಬ್ಬಾಳದ ತಿರುವಲ್ಲಿ ನಿಂತಿರ್ತೀನಿ ಅಣ್ಣ. ನೀವು ಕೈ ಬೀಸಿ, ಸಾಕು,” ಎಂದ ಪ್ರಸನ್ನ. ಆಗ ಅವನ ಕಣ್ಣು ತುಂಬಿದ್ದು ನಿಜ. ಅದನ್ನು ಇಲ್ಲ ಎನ್ನಬಾರದು.

ಆ ಬೆಳಿಗ್ಗೆ ಹಳೇ ಇಂಜಿನ್ ಸ್ಟಾರ್ಟ್ ಆಗಲೇ ಇಲ್ಲ. ಗೂಡ್ಸ್ ಗಾಡಿಯೊಂದರ ಕರೆಂಟ್ ಇಂಜಿನ್ನಿನ ಹಿಂದೆ ಅದನ್ನು ಕಟ್ಟಿ ಎಳೆದುಕೊಂಡು ಹೋಗುವುದೆಂದಾಯಿತು. ಜೊತೆಗಿರಲೆಂದು ದೇವಯ್ಯ ಅದರಲ್ಲೇ ಕೂತರು. ಸುದ್ದಿ ಮೊದಲು ಮುಟ್ಟಿದ್ದು ಮೂಗಯ್ಯನಿಗೆ. ಗುಂಪಿನಲ್ಲಿ ಹಾಕೋಣವೆಂದರೆ ಅವನು ಗುಂಪಿನಲ್ಲೇ ಇಲ್ಲ. ಎರಡು ಸಲ ಫೋನ್ ಮಾಡಿದ. ಕ್ಷಮಾಪಣೆ ಕೇಳಲು ಮಾಡುತ್ತಿದ್ದಾನೆ ಎಂದುಕೊಂಡ ಪ್ರಸನ್ನ ಎರಡು ಸಲವೂ ಕಟ್ ಮಾಡಿದ, ಅದೂ ಪಕ್ಕದವರಿಗೆ ತೋರಿಸಿಕೊಂಡು.

ತಿರುವಿನಲ್ಲಿ ಅವನೂ ಐದು ಮಂದಿ ಶಿಷ್ಯರೂ ಕ್ಯಾಮೆರಾ ಸಜ್ಜು ಮಾಡಿಕೊಂಡು ನಿಂತಿದ್ದರು. ಹಾರ್ನ್ ಕೇಳಿತು. ಆದರೆ ಕಾಣಿಸಿದ್ದು ಕರೆಂಟ್ ಇಂಜಿನ್ನಿನ ಮೂತಿ.

“ಥೂ, ಇದೊಂದು ಶನಿ. ತಿರುಗ್ರೋ ಎಲ್ಲಾ,” ಎಂದ ಪ್ರಸನ್ನ. ಆರೂ ಜನ ಬೇಲಿಗೆ ಮುಖ ಮಾಡಿ ನಿಂತರು.

ದೂರದಿಂದ ಮೂಗಯ್ಯ ಕಾರ್ಖಾನೆಯ ಬಟ್ಟೆಯಲ್ಲೇ ಓಡಿ ಬರುತ್ತಿದ್ದ. “ಸಾರ್! ತಿರುಗಿ ಸಾರ್, ಗಾಡಿ ನೋಡಿ!”

“ಆಡ್ಕೊಳ್ಳೋಕೆ ಬಂದವ್ನೆ. ಯಾರೂ ತಿರುಗಬೇಡಿ,” ಎಂದು ಪ್ರಸನ್ನ ಕತ್ತನ್ನು ಇನ್ನಷ್ಟು ಬಿಗಿಹಿಡಿದ. ಚಕ್ರಗಳ ಸದ್ದಿನ ನಡುವೆ ಇನ್ನೊಂದು ದನಿ ‘ಪ್ರಸನ್ನಾ’ ಎಂದು ಕೂಗಿತು. ಅದೂ ಮೂಗಯ್ಯನದೇ ಎಂದುಕೊಂಡ. ಜಾಣನೆಂದರೆ ಹೀಗಿರಬೇಕು.

ಗಾಡಿ ಪೂರ್ತಿ ದಾಟಿದ ಮೇಲೆ ಮೂಗಯ್ಯ ಏದುಸಿರು ಬಿಡುತ್ತ ಬಂದು ತನ್ನ ಮೊಬೈಲನ್ನು ಮುಂದೆ ಹಿಡಿದ. ಫೋಟೋದಲ್ಲಿ ಹಳೇ ಇಂಜಿನ್ ಸ್ಪಷ್ಟವಾಗಿತ್ತು. ಕಿಟಕಿಯಿಂದ ಅರ್ಧ ಮೈ ಹೊರಹಾಕಿ ದೇವಯ್ಯ ಕೈ ಬೀಸುತ್ತಿದ್ದರು. ಅವರು ಕೈ ಬೀಸುತ್ತಿದ್ದುದು ಬೇಲಿ ನೋಡುತ್ತ ನಿಂತಿದ್ದ ಆರು ಜನರ ಬೆನ್ನಿಗೆ.

ಪ್ರಸನ್ನನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. “ಇದನ್ನ ಅವರಿಗೆ ಮಾತ್ರ ತೋರಿಸ್ಬೇಡ ಮೂಗಯ್ಯ.”

“ಅದು ಅವ್ರ್ ಫೋಟೋ ಅಲ್ವಾ ಸಾರ್? ಆಗ್ಲೇ ಕಳ್ಸ್ಬುಟ್ಟೆ,” ಎಂದು ಮೂಗಯ್ಯ ಶಿಫ್ಟಿಗೆ ಹೊತ್ತಾಯಿತೆಂದು ಹೊರಟ.

ಸಂಜೆ ದೇವಯ್ಯನವರ ಫೋನ್ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

“ಫೋಟೋ ಚೆನ್ನಾಗಿ ಬಂದದೆ ಕಣಪ್ಪ. ನಾನು ನಿನ್ ಹೆಸ್ರಿಡ್ದು ಕೂಗ್ದೆ, ಕೈ ಬೀಸ್ದೆ. ಆರ್ ಜನಾನೂ ಅತ್ಲಾಗ್ ತಿರುಗ್ಕೊಂಡ್ಬುಟ್ರಲ್ಲ. ನನ್ನಿಂದ ಏನಾರ ತಪ್ಪಾಗಿತ್ತಾ ಮಗ?”

ಬೆನ್ನು ಯಾಕೆ ತಿರುಗಿಸಬೇಕು ಎಂಬುದನ್ನು ಪ್ರಸನ್ನ ನೂರು ಜನಕ್ಕೆ ನೂರು ಸಲ ವಿವರಿಸಿದ್ದ. ಈ ಒಬ್ಬರಿಗೆ ಮಾತ್ರ ಅದನ್ನು ವಿವರಿಸುವಂತಿರಲಿಲ್ಲ. ತಪ್ಪು ನನ್ನದು ಎಂದರೆ ಮುಗಿಯುತ್ತಿತ್ತು, ಅದನ್ನೂ ಅನ್ನಲಿಲ್ಲ.

“ಆಗ್ಲಿ ಬುಡು,” ಎಂದು ದೇವಯ್ಯ ಫೋನಿಟ್ಟರು.