ಚೌಡಕ್ಕ ಗಡಿ ದಾಟಿ ಬಂದದ್ದು

ಚೌಡಕ್ಕ ತೀರಿಕೊಂಡ ಸುದ್ದಿ ಆಂಧ್ರದ ಕಲ್ಯಾಣದುರ್ಗಕ್ಕೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಅವಳ ಗಂಡ ಈರಲಿಂಗಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ದೇವರ ಮುಂದೆ ಕೂತಿದ್ದ. ಅವಳು ಹಿಂದೂಪುರದ ಭಜನೆ ಮಂಡಳಿಯವರ ಜೊತೆ ನೇಪಾಳಕ್ಕೆ, ಪಶುಪತಿನಾಥನ ದರ್ಶನಕ್ಕೆ ಹೋಗಿದ್ದಳು. ಮಂಡಿನೋವಿನಿಂದ ಅವನು ಮನೆಯಲ್ಲೇ ಉಳಿದಿದ್ದ. ಫೋನು ಮಾಡಿದವನು ಅವಳ ಜೊತೆ ಹೋಗಿದ್ದ ತಮ್ಮ ಮುತ್ತುರಾಜ್.

"ಬಾವ, ಅಕ್ಕ ಹೋಗ್ಬುಟ್ಲು. ದರ್ಶನ ಮಾಡ್ಕೊಂಡು ಆಚೆಗೆ ಬಂದು ಮೆಟ್ಲ ಮೇಲೆ ಕೂತ್ಲು. ಕೂತೋಳು ಏಳಲಿಲ್ಲ. ಡಾಕ್ಟ್ರು ಹಾರ್ಟು ಅಂದ್ರು."

ಈರಲಿಂಗಪ್ಪನ ಕೈಯಲ್ಲಿದ್ದ ಹೂವು ಕೈಯಲ್ಲೇ ಉಳಿಯಿತು. ಬಾಯಿಂದ ಹೊರಟದ್ದು ಒಂದೇ ಮಾತು. "ಮಣ್ಣಿಗೆ ಇಲ್ಲಿಗೇ ಕರ್ಕೊಂಡು ಬತ್ತೀಯಲ್ಲ?"

ಅವರ ಮನೆತನದಲ್ಲಿ ಸುಡುವ ಪದ್ಧತಿಯಿಲ್ಲ. ಹೊಲದ ಬದುವಿನ ಹುಣಸೆಮರದ ಕೆಳಗೆ ಹಿರಿಯರ ಸಮಾಧಿಗಳು ಸಾಲಾಗಿವೆ. ಅತ್ತೆಯ ಮಗ್ಗುಲ ಜಾಗವನ್ನು ಚೌಡಕ್ಕ ಒಮ್ಮೆ ಕಳೆ ಕೀಳುತ್ತಾ ತೋರಿಸಿ, "ಇದು ನಂದು, ಯಾರಿಗೂ ಕೊಡಬ್ಯಾಡ್ರಿ" ಎಂದು ನಕ್ಕಿದ್ದಳು. ತನಗೆಂದು ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಸುದ್ದಿ ತಿಳಿದು ಬಂದ ದಾಯಾದಿ ಗಂಗುಲಪ್ಪ ಜಗಲಿಯ ಮೇಲೆ ಕೂತು ತಲೆ ಅಲ್ಲಾಡಿಸಿದ. ಮನೆತನದ ಸಾವಿನ ಶಾಸ್ತ್ರಗಳನ್ನೆಲ್ಲ ಹೇಳಿ ಮಾಡಿಸುವವನು ಅವನೇ.

"ಬೇರೆ ದೇಶ ಕಣಣ್ಣ ಅದು. ಹಿಂದೆ ಕರ್ನಾಟಕಕ್ಕೆ ದಾಟಕ್ಕೇ ನಮ್ಮ ಕಡ್ಲೆಕಾಯಿ ಲಾರಿ ಚಿಲಮತ್ತೂರು ಚೆಕ್‌ಪೋಸ್ಟಾಗೆ ಅರ್ಧ ದಿನ ನಿಂತ್ಕಂತಿತ್ತು. ಪಾಸ್‌ಪೋರ್ಟು, ವೀಸಾ ಅಂತ ಕೂತ್ರೆ ಆಗೋ ಮಾತಾ? ಅಲ್ಲೇ ನದಿ ದಡದಾಗೆ ಮುಗಿಸ್ಲಿ ಅನ್ನು."

"ಹೋಗೋವಾಗ ವೋಟರ್ ಕಾರ್ಡು ತೋರಿಸಿ ಹೋದೋಳು ಕಣ್ಲಾ ಅವಳು. ಬರೋವಾಗ ಮಾತ್ರ ಯಾಕೆ ಬೇಕು ಪಾಸ್‌ಪೋರ್ಟು?" ಎಂದ ಈರಲಿಂಗಪ್ಪ.

ಅವನ ಮಾತೇ ನಿಜವಾಯಿತು. ಕಠ್ಮಂಡುವಿನ ಆಸ್ಪತ್ರೆಯವರು, ಅಲ್ಲಿಯ ಪೊಲೀಸರು, ನಮ್ಮ ರಾಯಭಾರ ಕಚೇರಿಯವರು ಕೂಡಿ ಬೇಕಾದ ಕಾಗದಗಳನ್ನು ಮಾಡಿಕೊಟ್ಟರು. ದೇಹ ಕೆಡದಂತೆ ಔಷಧಿ ಹಾಕಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಹರ್ಕ ಎಂಬ ನೇಪಾಳಿ ಡ್ರೈವರು ತನ್ನ ಆಂಬುಲೆನ್ಸನ್ನೇ ಗಡಿ ದಾಟಿಸಿ ಗೋರಖ್‌ಪುರದವರೆಗೆ ತಂದ. ಅಲ್ಲಿಂದ ವಿಮಾನದಲ್ಲಿ ಬೆಂಗಳೂರು. ಮತ್ತೊಂದು ಆಂಬುಲೆನ್ಸು ಹಿಂದೂಪುರದಲ್ಲಿ ಭಜನೆಯ ಹೆಂಗಸರು ಹೂ ಹಾಕುವಷ್ಟು ಹೊತ್ತು ನಿಂತು, ಪೆನುಕೊಂಡದ ಮೇಲೆ ಹಾದು, ಹೊತ್ತು ಏರುವಷ್ಟರಲ್ಲಿ ಈರಲಿಂಗಪ್ಪನ ಅಂಗಳಕ್ಕೆ ಬಂತು.

ಮುತ್ತುರಾಜ್ ಇಳಿದವನೇ ಭಾವನ ಕೈ ಹಿಡಿದುಕೊಂಡ.

"ತಲೆ ಹತ್ರ ದೀಪ ಆರಬಾರ್ದು ಅಂತ ನನಗೆ ಬಂದಷ್ಟು ಹಿಂದೀಲಿ ಹರ್ಕಂಗೆ ಹೇಳ್ದೆ ಬಾವ. ಗಾಡೀಲಿ ಬೆಂಕಿ ಹಚ್ಚಂಗಿಲ್ಲ ಅಂದ. ಆಮೇಲೆ ತಾನೇ ಹಿಂದ್ಗಡೆ ಲೈಟು ಹಾಕ್ದ ನೋಡು, ದಾರಿಯುದ್ದಕ್ಕೂ ಆರಿಸ್ಲಿಲ್ಲ. ಗಡೀಲಿ ಲಾರಿಗಳು ಸಾಲುಗಟ್ಟಿ ನಿಂತಿದ್ವು. ಆ ಕಡೆ ಪೊಲೀಸು ಕಾಗದ ನೋಡಿ ಟೋಪಿ ತೆಗ್ದ. ಈ ಕಡೆಯೋನು ಲಾರಿಗಳನ್ನ ಪಕ್ಕಕ್ಕೆ ಸರಿಸಿ ಗೇಟು ಎತ್ತಿಸ್ದ. ನಮ್ಮನ್ನ ಕಾಯಿಸ್ಲಿಲ್ಲ ಬಾವ."

ಆಗ ಈರಲಿಂಗಪ್ಪನಿಗೆ ಅಳು ಬಂತು.

ತೊಡಕಾದದ್ದು ಹುಣಸೆಮರದ ಕೆಳಗೆ. ಅವರಲ್ಲಿ ಸತ್ತವರನ್ನು ಪೂಜೆಗೆ ಕೂತಂತೆ ಕೂರಿಸಿ ಮಣ್ಣು ಮಾಡುವುದು ರೂಢಿ. ಗಂಗುಲಪ್ಪ ಮುಂಜಾನೆಯೇ ಮುಂದೆ ನಿಂತು ಎಂದಿನಂತೆ ಚೌಕದ ಗುಂಡಿ ತೋಡಿಸಿದ್ದ. ಅಷ್ಟು ದೂರದಿಂದ ಮಲಗಿಕೊಂಡು ಬರುವ ದೇಹ ಬಿಗಿದಿರುತ್ತದೆ ಎಂಬುದು ಅವನಿಗೂ ಹೊಳೆದಿರಲಿಲ್ಲ, ಉಳಿದವರಿಗೂ ಹೊಳೆದಿರಲಿಲ್ಲ. ಪೆಟ್ಟಿಗೆ ತೆರೆದು ನೋಡಿದರೆ ಚೌಡಕ್ಕನ ಕಾಲುಗಳು ಮಡಿಯುವಂತಿರಲಿಲ್ಲ.

"ಏನೇನೋ ಔಷಧಿ ಹಾಕವ್ರೆ," ಎಂದು ಗಂಗುಲಪ್ಪ ಗೊಣಗಿದ. "ಬಲವಂತ ಮಾಡಿ ಮಡಿಸ್ಬೇಕು. ನಮ್ಮೋರು ಯಾರನ್ನೂ ಮಲಗಿಸಿದ್ದಿಲ್ಲ. ಕೂರಿಸ್ದೆ ಮಣ್ಣು ಕೊಟ್ರೆ ಹಿರಿಯರು ಒಪ್ತಾರಾ?"

ಎಲ್ಲರೂ ಈರಲಿಂಗಪ್ಪನ ಮುಖ ನೋಡಿದರು. ರೂಢಿ ಬಿಟ್ಟು ನಡೆದವನಲ್ಲ ಅವನು. ಅವ್ವನನ್ನು ಇದೇ ಮರದ ಕೆಳಗೆ ತಾನೇ ಕೂರಿಸಿದ್ದ. ಬಗ್ಗಿ ಹೆಂಡತಿಯ ಪಾದ ಮುಟ್ಟಿದ. ತಣ್ಣಗಿದ್ದವು.

"ಬ್ಯಾಡ ಗಂಗುಲಪ್ಪ, ಅವಳಿಗೆ ನೋವು ಮಾಡಬ್ಯಾಡ," ಎಂದ. "ಗುರುತಿಲ್ಲ, ಪರಿಚಯ ಇಲ್ಲ, ಎರಡು ದೇಶದೋರು ಇವಳಿಗೋಸ್ಕರ ಗೇಟು ತೆಗ್ದವ್ರೆ. ನಮ್ಮ ಹೊಲದಾಗೆ ನಾವು ಗುಂಡಿ ಉದ್ದ ಮಾಡಕ್ಕಾಗಲ್ವೇನಪ್ಪ? ಹಿರಿಯರು ಕೇಳಿದ್ರೆ ನಾನು ಹೋದ ಮೇಲೆ ಹೇಳ್ಕೊಂತೀನಿ."

ಗಂಗುಲಪ್ಪ ಹಿರಿಯರ ಸಮಾಧಿಗಳ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ, "ಸರ್ಲೇ, ಆಗ್ಲಿ. ಅತ್ತಿಗೆ ಬದುಕಿದ್ದಾಗ ಯಾವತ್ತು ಮಲಗಿದ್ಲು, ಈಗಾದ್ರೂ ಮಲಗ್ಲಿ," ಎಂದು ಪಂಚೆ ಎತ್ತಿಕಟ್ಟಿ, ಗುಂಡಿಗೆ ಇಳಿದು, ಹಾರೆ ಈಸಿಕೊಂಡು ತಾನೇ ಅಗೆಯತೊಡಗಿದ.

ಚೌಡಕ್ಕ ಅತ್ತೆಯ ಮಗ್ಗುಲಲ್ಲಿ ಮಲಗಿದಳು. ತಲೆಯ ಹತ್ತಿರ ಮುತ್ತುರಾಜ್ ದೀಪ ಹಚ್ಚಿಟ್ಟ. ಈರಲಿಂಗಪ್ಪ ಮೊದಲ ಹಿಡಿ ಮಣ್ಣು ಹಾಕಿದ. ಎರಡನೆಯ ಹಿಡಿಯನ್ನು, "ಇದು ಆ ಹರ್ಕನದು" ಎಂದು ಹೇಳಿ ಹಾಕಿದ. ಆಮೇಲೆ ಬಡಗಣ ದಿಕ್ಕಿಗೆ ತಿರುಗಿ ಕೈ ಮುಗಿದ.

"ಸ್ವಾಮಿ ಪಶುಪತಿ, ನಿನ್ನ ಬಾಗಿಲಾಗೆ ಕಣ್ಣು ಮುಚ್ಚಿದೋಳು ನನ್ನ ಹೊಲ ಸೇರಿದ್ಲು. ದಾರಿ ಬಿಟ್ಟ ಎರಡು ಕಡೆಯೋರನ್ನೂ ತಣ್ಣಗಿಡು. ಇವಳನ್ನ ನಿನ್ನ ಪಾದದಾಗೆ ಇಟ್ಕೊಂಡು ಶಾಂತಿ ಕೊಡು, ತಂದೆ."